ಬಾಣದ ಮೊನೆ: ಬಿಲ್ಲಿನ ಬಲ ನೋಡಿ ಆರಿಸಿ

ಮಾನ್ಯ ಸಂಪಾದಕರೇ,

ಅಮೆರಿಕದ ಮಿಶಿಗನ್‌ನಲ್ಲಿ ಅಕ್ಟೋಬರ್ 1ಕ್ಕೆ ಬಿಲ್ಲುಬಾಣದ ಜಿಂಕೆ ಬೇಟೆಯ ಹಂಗಾಮು ಶುರುವಾಗುತ್ತದೆ. ಪರವಾನಗಿ ಪಡೆದು ಹೊರಡುವ ಅಲ್ಲಿನ ಕನ್ನಡಿಗರು ಬ್ರಾಡ್‌ಹೆಡ್ ಮೊನೆಯನ್ನು (ಹರಿತ ಅಲಗುಗಳಿರುವ ಬೇಟೆಯ ಬಾಣದ ತುದಿ) ಪೊಟ್ಟಣದ ಚಿತ್ರ ನೋಡಿ ಕೊಳ್ಳಬಾರದು. (ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧ, ಇಲ್ಲಿನವರಿಗೆ ಗುರಿಹಲಗೆಯೇ ಗತಿ.)

ತಾಗಿದಾಗ ಅಲಗು ಬಿಚ್ಚಿಕೊಳ್ಳುವ ಮೆಕ್ಯಾನಿಕಲ್ ಮೊನೆ ನೇರ ಹಾರುತ್ತದೆ, ಗಾಯವೂ ಅಗಲ. ಆದರೆ ಬಿಚ್ಚಿಕೊಳ್ಳುವುದಕ್ಕೇ ಬಾಣದ ಶಕ್ತಿಯ ಒಂದು ಪಾಲು ಹೋಗುತ್ತದೆ. ಬಿಲ್ಲಿನ ಸೆಳೆತ (ಹೆದೆ ಎಳೆಯಲು ಬೇಕಾದ ಬಲ) 50 ಪೌಂಡಿಗಿಂತ ಕಡಿಮೆಯಿದ್ದರೆ ತುದಿಯಿಂದಲೇ ಕೊಯ್ಯುವ, ಅಲಗು ಮಡಚದ, ಎರಡಲಗಿನ ಸ್ಥಿರ ಮೊನೆಯೇ ವಾಸಿ. ಅಗಲ 7/8 ಇಂಚಿಗೆ ಕಡಿಮೆಯಿರುವಂತಿಲ್ಲ, ಅದು ಅಲ್ಲಿನ ನಿಯಮ.

ಅಭ್ಯಾಸದ ಮೊನೆ 100 ಗ್ರೇನ್ (ಸುಮಾರು ಆರೂವರೆ ಗ್ರಾಂ) ಇದ್ದರೆ ಬೇಟೆಯದೂ ಅಷ್ಟೇ ಇರಲಿ. 125ಕ್ಕೆ ಏರಿಸಿದರೆ ಬಾಣದ ಕಡ್ಡಿ ಹೆಚ್ಚು ಬಾಗುತ್ತದೆ, ಏಟು ಕೆಳಗೆ ಬೀಳುತ್ತದೆ.

ಸ್ಥಿರ ಮೊನೆಯ ತಕರಾರೆಂದರೆ, ಅದರ ಅಲಗುಗಳು ಮುಂದಿನ ರೆಕ್ಕೆಗಳಂತೆ ಗಾಳಿ ಹಿಡಿದು ಬಿಲ್ಲಿನ ಸಣ್ಣ ದೋಷವನ್ನೂ ದೊಡ್ಡದು ಮಾಡುತ್ತವೆ. ಬಾಣವನ್ನು ಮೊನೆಯ ಮೇಲೆ ನಿಲ್ಲಿಸಿ ಬುಗುರಿಯಂತೆ ತಿರುಗಿಸಿ. ಕತ್ತು ಅದುರಿದರೆ ಇನ್ಸರ್ಟ್ (ಮೊನೆ ತಿರುಗಿಸಿ ಕೂರಿಸಲು ಕಡ್ಡಿಯ ತುದಿಯೊಳಗಿರುವ ತುಂಡು) ಓರೆ ಕೂತಿದೆ. ಅದುರದೆಯೂ 20 ಗಜದಲ್ಲಿ ಅಭ್ಯಾಸದ ಮೊನೆಗಿಂತ ಬಲಕ್ಕೆ ಬಿದ್ದರೆ ಆ್ಯರೋ ರೆಸ್ಟನ್ನು (ಬಿಲ್ಲಿನ ಮೇಲೆ ಬಾಣ ಕೂರುವ ಆಸರೆ) ಎಡಕ್ಕೆ ಸರಿಸಿ, ಒಮ್ಮೆಗೆ ಒಂದು ಮಿ.ಮೀ.ಗಿಂತ ಕಡಿಮೆ. ಸೈಟ್ (ಬಿಲ್ಲಿನ ಮೇಲಿನ ಗುರಿ ನೋಡುವ ಸಾಧನ) ತಿರುಗಿಸಿದರೆ ರೋಗ ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗದು.

ಫೋಮ್ ಗುರಿಗೆ ಹೊಡೆದ ಅಲಗನ್ನು ಹಾಗೇ ಕಾಡಿಗೆ ಒಯ್ಯಬೇಡಿ. ಮೊಂಡಾದ ಅಲಗು ರಕ್ತನಾಳವನ್ನು ಕೊಯ್ಯದೆ ಪಕ್ಕಕ್ಕೆ ತಳ್ಳುತ್ತದೆ; ಜಿಂಕೆ ದೂರ ಓಡಿ ನರಳುತ್ತದೆ. ಮಸೆಯಿರಿ, ಇಲ್ಲವೇ ಬದಲಿಸಿ. ಬಿಗಿಯುವಾಗ ಬೆರಳಲ್ಲ, ಜೊತೆಗೆ ಬರುವ ವ್ರೆಂಚ್ ಬಳಸಿ.

– ಬಿಲ್ಲುಗಾರಿಕೆ ಬಲ್ಲ ಓದುಗರು