‘ಬಿಸಿಬಿಸಿಯಾಗಿ ಬಡಿಸಿ’ ಆದ ಮೇಲೆ ಇನ್ನೆರಡು ಸಾಲು ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಅಡುಗೆ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಇಷ್ಟವಾದದ್ದನ್ನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ ಕೂಡ. ಅಲ್ಲಿ ಬರುವ ಅಡುಗೆಗಳು ಹೆಚ್ಚುಕಮ್ಮಿ ಎಲ್ಲವೂ ಒಂದೇ ಮಾತಿಗೆ ಮುಗಿಯುತ್ತವೆ: ‘ಬಿಸಿಬಿಸಿಯಾಗಿ ಬಡಿಸಿ’. ಆದರೆ ನಮ್ಮಂಥ ಮನೆಗಳಲ್ಲಿ ಅರ್ಧ ಕೆಲಸ ಶುರುವಾಗುವುದೇ ಅಲ್ಲಿಂದ. ಅದಕ್ಕೇ ಈ ಪತ್ರ.

ನನ್ನ ಹೆಂಡತಿಗೆ ಪಾಳಿ ಕೆಲಸ. ವಾರದಲ್ಲಿ ಮೂರು ದಿನವಾದರೂ ನಾನು ಮನೆ ಸೇರುವ ಹೊತ್ತಿಗೆ ಅವಳು ಹೊರಟಿರುತ್ತಾಳೆ. ನಾನು ಬಾಗಿಲು ತೆಗೆಯುವಾಗ ಏಳು ಗಂಟೆ. ಮಕ್ಕಳಿಬ್ಬರಿಗೂ ಹಸಿವು, ಚಿಕ್ಕವನಿಗೆ ಹಸಿವಿನ ಜೊತೆಗೆ ನಿದ್ದೆ. ಆಗ ಈರುಳ್ಳಿ ಹೆಚ್ಚುತ್ತಾ ನಿಂತರೆ ಅವನು ಊಟ ಮಾಡದೆಯೇ ಮಲಗಿಬಿಡುತ್ತಾನೆ. ಹಾಗಾಗಿ ಎರಡು ವರ್ಷದಿಂದ ರಜೆಯ ದಿನ ಬೆಳಿಗ್ಗೆ ದೊಡ್ಡ ಪಾತ್ರೆಗಳಲ್ಲಿ ಒಟ್ಟಿಗೆ ಬೇಯಿಸಿ, ಪಾಲು ಮಾಡಿ, ಫ್ರೀಜರ್‌ಗೆ ಹಾಕುತ್ತಿದ್ದೇನೆ.

ಬೇಯಿಸುವುದು ಕಷ್ಟ ಆಗಲಿಲ್ಲ. ನಾಲ್ಕು ಜನಕ್ಕೆ ಮಾಡುವವರು ಹದಿನಾರು ಜನಕ್ಕೂ ಮಾಡಬಹುದು. ಬೇಯಿಸಿದ್ದನ್ನು ತಣ್ಣಗೆ ಆರಿಸುವುದು ಮಾತ್ರ ನನಗೆ ಗೊತ್ತಿರಲಿಲ್ಲ. ಅದನ್ನು ಯಾರೂ ಹೇಳಿಕೊಟ್ಟಿರಲೂ ಇಲ್ಲ.

ಮೊದಲ ತಿಂಗಳಲ್ಲಿ ಒಂದು ದಿನ ದೊಡ್ಡ ಪಾತ್ರೆ ತುಂಬ ಕಾಳು ಬೇಯಿಸಿದೆ. ರಾತ್ರಿ ಎಂಟಕ್ಕೆ ಒಲೆ ಆರಿಸಿದೆ. ಬಿಸಿ ಪಾತ್ರೆಯನ್ನು ಫ್ರಿಜ್‌ನಲ್ಲಿ ಇಡಬಾರದು ಎಂದು ಕೇಳಿದ್ದೆ. ಅದಕ್ಕೆ ಮುಚ್ಚಳ ಮುಚ್ಚಿ ಅಲ್ಲೇ ಬಿಟ್ಟೆ. ಹನ್ನೊಂದಕ್ಕೆ ನೋಡಿದರೆ ಇನ್ನೂ ಹಬೆ ಇತ್ತು. ನಿದ್ದೆ ಬರುತ್ತಿತ್ತು, ಪಾತ್ರೆಯನ್ನು ಹಾಗೇ ಎತ್ತಿ ಫ್ರಿಜ್‌ಗೆ ತಳ್ಳಿದೆ. ಬೆಳಿಗ್ಗೆ ಪಾಲು ಮಾಡೋಣ ಎಂದು ತೆಗೆದೆ. ಪಾತ್ರೆಯ ಹೊರಗೆ ಕೈ ಇಟ್ಟರೆ ತಣ್ಣಗಿತ್ತು. ಸೌಟನ್ನು ನಡುವಿಗೆ ಇಳಿಸಿ ಮೇಲೆತ್ತಿದೆ. ಒಳಗಿನ ಕಾಳು ಇನ್ನೂ ಉಗುರುಬೆಚ್ಚಗಿತ್ತು! ಸೌಟು ಎದ್ದ ಜಾಗದಲ್ಲಿ ಸಣ್ಣ ಸಣ್ಣ ಗುಳ್ಳೆ, ಜೊತೆಗೆ ಸಣ್ಣಗೆ ಹುಳಿ ವಾಸನೆ. ಅಷ್ಟನ್ನೂ ಚೆಲ್ಲಿದೆ. ವಾಸನೆ ಬಾರದೇ ಇದ್ದಿದ್ದರೆ ಮಕ್ಕಳ ತಟ್ಟೆಗೆ ಹಾಕುತ್ತಿದ್ದೆನಲ್ಲ ಎಂದು ಅವತ್ತು ಇಡೀ ದಿನ ಹೊಟ್ಟೆಯಲ್ಲಿ ಸಂಕಟ.

ಆಮೇಲೆ ಓದಿ ತಿಳಿದುಕೊಂಡೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬಹಳ ಬೇಗ ಹೆಚ್ಚುತ್ತವೆ. ದೊಡ್ಡ ಪಾತ್ರೆಯ ನಡುಭಾಗ ಆ ಹಂತವನ್ನು ದಾಟಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಬೀಜದಂಥ ಗಟ್ಟಿ ಕವಚ ಕಟ್ಟಿಕೊಂಡು ಕುದಿಯುವ ನೀರಲ್ಲೂ ಉಳಿಯುತ್ತವೆ, ನಿಧಾನವಾಗಿ ಆರುವಾಗ ಮತ್ತೆ ಚಿಗುರುತ್ತವೆ. ಅನ್ನದಲ್ಲಿ ಹೀಗೆ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ‘ಇನ್ನೊಂದು ಸಲ ಕುದಿಸಿದರೆ ಸರಿಹೋಗುತ್ತೆ ಬಿಡು’ ಎನ್ನುತ್ತೇವಲ್ಲ, ಅದು ತಪ್ಪು. ಇಷ್ಟು ಮುಖ್ಯವಾದ ವಿಷಯ ನನಗೆ ನಲವತ್ತು ದಾಟಿದ ಮೇಲೆ ಗೊತ್ತಾಯಿತು.

ಈಗ ಒಲೆ ಆರಿಸಿದ ಕೂಡಲೇ ಅಗಲವಾದ ತಟ್ಟೆಗಳಿಗೆ ಸುರಿಯುತ್ತೇನೆ, ಎರಡು ಬೆರಳಿಗಿಂತ ಎತ್ತರ ಬರದ ಹಾಗೆ. ನೀರಾಗಿರುವುದಾದರೆ ಪಾತ್ರೆಯನ್ನೇ ಐಸು ಹಾಕಿದ ತಣ್ಣೀರಲ್ಲಿ ಕೂರಿಸಿ ತಿರುವುತ್ತಾ ಇರುತ್ತೇನೆ. ಎರಡು ಗಂಟೆಯೊಳಗೆ ಎಲ್ಲವೂ ಒಳಗೆ ಹೋಗಬೇಕು, ಅನ್ನ ಒಂದು ಗಂಟೆಯೊಳಗೆ. ಗಡಿಯಾರ ನೋಡುವ ಕೆಲಸ ಮಗಳದು. ಅವಳಿಗೆ ಹನ್ನೊಂದು ವರ್ಷ. ‘ಅಪ್ಪಾ, ಇನ್ನು ಇಪ್ಪತ್ತೇ ನಿಮಿಷ’ ಎಂದು ಹೊರಗಿನ ಕೋಣೆಯಿಂದಲೇ ಕೂಗುತ್ತಾಳೆ.

ಆರಿದ್ದನ್ನು ಜಿಪ್ ಚೀಲಗಳಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಚಪ್ಪಟೆಯಾಗಿ ಮಲಗಿಸುತ್ತೇನೆ. ಗಟ್ಟಿಯಾದ ಮೇಲೆ ಪುಸ್ತಕದ ಹಾಗೆ ನಿಲ್ಲಿಸಬಹುದು. ತೆಳ್ಳಗಿದ್ದರೆ ಬೇಗ ಹೆಪ್ಪುಗಟ್ಟುತ್ತದೆ, ಒಳಗಿನ ಐಸಿನ ಹರಳು ಸಣ್ಣದಾಗಿರುತ್ತದೆ, ರುಚಿ ಕೆಡುವುದಿಲ್ಲ. ಗಾಳಿ ಉಳಿದರೆ ಅಂಚು ಒಣಗಿ ಬೆಳ್ಳಗಾಗುತ್ತದೆ. ತಿಂದರೆ ತೊಂದರೆ ಇಲ್ಲ, ರುಚಿ ಇರುವುದಿಲ್ಲ ಅಷ್ಟೇ. ಡಬ್ಬಿಯಾದರೆ ಮೇಲೆ ಜಾಗ ಬಿಡಬೇಕು. ನೀರು ಐಸಾಗುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಕತ್ತಿನವರೆಗೆ ತುಂಬಿದ ಒಂದು ಗಾಜಿನ ಬಾಟಲಿ ನಮ್ಮಲ್ಲಿ ಬಿರುಕು ಬಿಟ್ಟಿತ್ತು.

ಎಲ್ಲವೂ ಫ್ರೀಜರ್‌ಗೆ ಒಗ್ಗುವುದಿಲ್ಲ. ಬೇಯಿಸಿದ ಆಲೂಗಡ್ಡೆ ಹೋಳನ್ನು ಕರಗಿಸಿ ಬೆರಳಲ್ಲಿ ಒತ್ತಿ ನೋಡಿ, ಸ್ಪಂಜಿನ ಹಾಗೆ ನೀರು ಬಿಡುತ್ತದೆ. ಬೆಂದ ಮೊಟ್ಟೆಯ ಬಿಳಿ ರಬ್ಬರಾಗುತ್ತದೆ. ಸೌತೆಕಾಯಿಯ ಮಾತೇ ಬೇಡ. ಹಾಲಿನ ಕೆನೆ ಹಾಕಿದ್ದು ಒಡೆದ ಹಾಗಾಗುತ್ತದೆ, ಅದನ್ನು ಬಿಸಿ ಮಾಡುವಾಗ ಸೇರಿಸಿಕೊಂಡರೆ ಸರಿ. ಕಾಳು, ಬೇಳೆ, ಈರುಳ್ಳಿ ಟೊಮೆಟೊ ಬಾಡಿಸಿದ ಗೊಜ್ಜು, ಸೂಪು, ಅನ್ನ ಇವೆಲ್ಲ ಚೆನ್ನಾಗಿ ಉಳಿಯುತ್ತವೆ. ಆಲೂಗಡ್ಡೆ ಬೇಕೆನಿಸಿದರೆ ಆ ದಿನವೇ ಬೇಯಿಸಿ ಬೆರೆಸುತ್ತೇನೆ.

ನಮ್ಮ ಅಮ್ಮನಿಗೆ ಇದು ಮೊದಲು ಒಪ್ಪಿಗೆ ಇರಲಿಲ್ಲ. ‘ಮೂರು ವಾರದ ತಂಗಳನ್ನು ಮಕ್ಕಳಿಗೆ ಹಾಕ್ತೀಯೇನೋ?’ ಎಂದು ಕೇಳಿದರು. ಕಾಳಜಿಯಿಂದ ಕೇಳಿದ ಮಾತು, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಹೊರಗಿಟ್ಟ ಅಡುಗೆ ಗಂಟೆಗಂಟೆಗೂ ಹಳತಾಗುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಆದರೆ ಸಾಯುವುದೂ ಇಲ್ಲ. ಕರಗಿದರೆ ಮತ್ತೆ ಏಳುತ್ತವೆ. ಅದಕ್ಕೆ ಒಲೆ ಪಕ್ಕ ಇಟ್ಟು ಕರಗಿಸಬಾರದು, ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಖಾನೆಗೆ ಇಳಿಸಬೇಕು. ಬಿಸಿ ಮಾಡುವಾಗ ಅಂಚು ಕುದಿದರೆ ಸಾಲದು, ನಡುಭಾಗ 74 ಡಿಗ್ರಿ ಮುಟ್ಟಬೇಕು. ಅಮ್ಮ ಈಗ ಬಂದಾಗಲೆಲ್ಲ ಅವರೇ ಸೌಟಿನಲ್ಲಿ ನಡುವಿಗೆ ಅದ್ದಿ ಹಬೆ ನೋಡುತ್ತಾರೆ.

ಚೀಟಿ ಅಂಟಿಸುವುದೂ ಮಗಳೇ. ಏನು, ಯಾವ ದಿನ ಮಾಡಿದ್ದು, ಎಷ್ಟು ಜನಕ್ಕೆ ಎಂದು ಬರೆಯುತ್ತಾಳೆ. ಎರಡು ಮೂರು ತಿಂಗಳೊಳಗೆ ತಿಂದರೆ ರುಚಿ ಚೆನ್ನಾಗಿರುತ್ತದೆ, ಹಳೆಯದು ಮುಂದೆ ಬರಬೇಕು. ಒಂದು ಸಾಲಿನ ಚೀಟಿಗಳಲ್ಲಿ ಮಾತ್ರ ಬೇರೆ ಬಣ್ಣದ ಪೆನ್ನು: ‘ಅಮ್ಮನಿಗೆ, ಖಾರ ಕಮ್ಮಿ’. ರಾತ್ರಿ ಪಾಳಿ ಮುಗಿಸಿ ಬಂದವಳು ನಿಂತುಕೊಂಡೇ ಏನೋ ತಿಂದು ಮಲಗುವ ದಿನಗಳಿದ್ದವು. ಈಗ ಅವಳು ಕೂತು ಉಣ್ಣುತ್ತಾಳೆ. ನನಗೆ ಇದಕ್ಕಿಂತ ಜಾಸ್ತಿ ಏನೂ ಬೇಕಿಲ್ಲ.

ಕರೆಂಟು ಹೋದರೆ ಏನು ಗತಿ ಎಂದು ಹಲವರು ಕೇಳುತ್ತಾರೆ. ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಣ್ಣಗಿರುತ್ತದೆ.

ನನ್ನ ಕೋರಿಕೆ ಇಷ್ಟೇ. ಪ್ರತಿ ಅಡುಗೆಯ ಕೊನೆಗೆ ಎರಡು ಸಾಲು ಸೇರಿಸಿ. ಇದನ್ನು ಫ್ರೀಜರ್‌ನಲ್ಲಿ ಇಡಬಹುದೇ, ಎಷ್ಟು ದಿನ? ಹೇಗೆ ಆರಿಸಬೇಕು, ಹೇಗೆ ಬಿಸಿ ಮಾಡಬೇಕು? ಬರೆಯುವವರಿಗೆ ಅದು ಹತ್ತು ನಿಮಿಷದ ಕೆಲಸ. ಸಂಜೆ ಏಳಕ್ಕೆ ಬಾಗಿಲು ತೆಗೆಯುವ ನನ್ನಂಥವರು ಪುಟವನ್ನು ಕತ್ತರಿಸಿ ಫ್ರೀಜರ್ ಬಾಗಿಲಿಗೇ ಅಂಟಿಸಿಕೊಳ್ಳುತ್ತೇವೆ. ಮುಂದಿನ ವಾರದಿಂದಲೇ ಶುರು ಮಾಡಿ, ದಯವಿಟ್ಟು.

ಇಂತಿ ನಿಮ್ಮ ಓದುಗ,
ಇಬ್ಬರು ಮಕ್ಕಳ ತಂದೆ