ಮುಖಗವಸಿನ ಫೋಟೊ ನೋಡಿ ಗಾಬರಿಯಾದ ಅಮ್ಮನಿಗೆ

ಪೊಮೋನಾ, ಕ್ಯಾಲಿಫೋರ್ನಿಯ
ಫೆಬ್ರುವರಿ 9

ಅಮ್ಮನಿಗೆ ಮಂಜುನಾಥನ ನಮಸ್ಕಾರಗಳು. ನಾನು ಕ್ಷೇಮ, ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಶೇಂಗಾ ಚಟ್ನಿಪುಡಿಯೂ ಅದರ ಜೊತೆ ಮಡಚಿಟ್ಟಿದ್ದ ನಿನ್ನ ಕಾಗದವೂ ಶುಕ್ರವಾರ ಕೈಸೇರಿದವು.

ಮೊದಲು ಫೋಟೊ ವಿಚಾರ. ಸುಧಾ ಮೊಬೈಲಿನಲ್ಲಿ ತೋರಿಸಿದ ಆ ಫೋಟೊದಲ್ಲಿ ನನ್ನ ಮೂಗು, ಬಾಯಿ ಮುಚ್ಚಿ ಎರಡೂ ಕೆನ್ನೆಗಳ ಪಕ್ಕ ಗುಂಡನೆಯ ಡಬ್ಬಿಗಳನ್ನು ಸಿಕ್ಕಿಸಿದಂತೆ ಕಾಣುವುದು ಕಾಯಿಲೆಯವರಿಗೆ ಹಾಕುವ ಆಕ್ಸಿಜನ್ ಸಾಧನವಲ್ಲ. ನಾನು ಕೆಲಸ ಬಿಟ್ಟು ರಾಸಾಯನಿಕ ಕಾರ್ಖಾನೆ ಸೇರಿಯೂ ಇಲ್ಲ. ಆಫೀಸು ಮೊದಲಿನಂತೆಯೇ ನಡೆದಿದೆ. ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಭಾನುವಾರ ಕುಳಿತು ಮುಕ್ಕಾಲು ಗೇಣು ಉದ್ದದ ಮಾದರಿ ಕಾರಿಗೆ ಪ್ರೈಮರ್, ಎಂದರೆ ಬಣ್ಣಕ್ಕೆ ಮೊದಲಿನ ಲೇಪ, ಹೊಡೆಯುವಾಗ ಹಾಕಿಕೊಳ್ಳುವ ಮುಖಗವಸು ಅದು, ಅಷ್ಟೇ. ‘ಮೂವತ್ತಮೂರು ತುಂಬಿದವನು ಆಟದ ಕಾರು ಹಿಡಿದು ಕೂತರೆ ನೋಡಿದವರು ಏನೆಂದಾರು’ ಎಂದು ನೀನು ಕೇಳಿದ್ದೀಯೆ. ಈ ಊರಿನಲ್ಲಿ ಎಪ್ಪತ್ತು ತುಂಬಿದವರೂ ಹೀಗೆಯೇ ಕೂರುತ್ತಾರೆ, ಯಾರೂ ಏನೂ ಅನ್ನುವುದಿಲ್ಲ.

ಇಲ್ಲಿಯವರ ಹಳೆಯ ಕಾರಿನ ಹುಚ್ಚನ್ನು ಅಪ್ಪಾಜಿಗೆ ಓದಿ ಹೇಳು, ಅವರಿಗೆ ನಗು ಬಂದೀತು. ಫೋರ್ಡ್ ಕಂಪನಿ 1932ರಲ್ಲಿ ಸಾಮಾನ್ಯ ಜನ ಕೊಳ್ಳಬಲ್ಲ ಬೆಲೆಯ ಕಾರಿಗೆ ಎಂಟು ಸಿಲಿಂಡರಿನ ವಿ-8 ಎಂಜಿನ್ ಇಟ್ಟಿತು. ಶಕ್ತಿ 65 ಕುದುರೆ, ಅಷ್ಟೇ, ಆದರೆ ಆ ಕಾಲಕ್ಕೆ ಅದು ದೊಡ್ಡ ಸುದ್ದಿ. ಅಂಥ ಕಾರುಗಳು ಹಳತಾಗಿ ಅಗ್ಗಕ್ಕೆ ಸಿಗತೊಡಗಿದಾಗ ಇಲ್ಲಿನ ಹುಡುಗರು ಅವುಗಳ ಮಡ್‌ಗಾರ್ಡು, ಬಾನೆಟ್ಟು ಕಳಚಿ ಹಗುರ ಮಾಡಿ, ಬೆಟ್ಟದ ಆಚೆಗಿರುವ ಮ್ಯುರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಯಂಗಳಗಳಿಗೆ ಒಯ್ದು ಓಡಿಸುತ್ತಿದ್ದರು. ಹೀಗೆ ಓಡಿಸುವವರದೇ ಒಂದು ಸಂಘ 1937ರಲ್ಲಿ ಆಯಿತು, ಅದು ಇಂದಿಗೂ ಎಲ್ ಮಿರಾಜಿನಲ್ಲಿ ಪಂದ್ಯ ನಡೆಸುತ್ತದೆ. ಇಂಥ ಕಾರಿಗೆ ಹಾಟ್ ರಾಡ್ ಎನ್ನುತ್ತಾರೆ. 1950ರಲ್ಲಿ ಓಕ್‌ಲ್ಯಾಂಡಿನಲ್ಲಿ ಶುರುವಾದ ಇವುಗಳ ದೊಡ್ಡ ಪ್ರದರ್ಶನ 2004ರಿಂದ ನಮ್ಮ ಪೊಮೋನಾದಲ್ಲೇ ನಡೆಯುತ್ತಿದ್ದು, ಅಲ್ಲಿ ಗೆದ್ದವರಿಗೆಂದು ಇಟ್ಟಿರುವ ಟ್ರೋಫಿ ಒಂಬತ್ತು ಅಡಿ ಎತ್ತರವಿದೆ. ನಾನು ಅದರ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಫೋಟೊ ಕಳುಹಿಸಿದ್ದರೆ ಇಷ್ಟೆಲ್ಲ ರಾಮಾಯಣವೇ ಆಗುತ್ತಿರಲಿಲ್ಲ.

ಎಲ್ಲಕ್ಕಿಂತ ವಿಚಿತ್ರವೆಂದರೆ ಚೆನ್ನಾಗಿರುವ ಕಾರಿನ ಟಾಪು ಕತ್ತರಿಸಿ, ಕಿಟಕಿಯ ಕಂಬಗಳಿಂದ ಮೂರು ನಾಲ್ಕು ಇಂಚು ತೆಗೆದು, ಮತ್ತೆ ಬೆಸುಗೆ ಹಾಕಿ ಕುಳ್ಳಗೆ ಮಾಡುವುದು. ಗಾಳಿಯ ತಡೆ ಕಡಿಮೆಯಾಗಲಿ ಎಂದು ಆರಂಭವಾದದ್ದು ಆಮೇಲೆ ಚೆಂದಕ್ಕೇ ಆಯಿತು. ‘ದುಡ್ಡು ಕೊಟ್ಟು ಟಿಂಕರಿಂಗ್ ಕೆಲಸ ಹೆಚ್ಚಿಸಿಕೊಳ್ಳುವುದೇ’ ಎಂದು ಅಪ್ಪಾಜಿ ಕೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ನನ್ನ ಕಾರು 1:25ರ ಅಳತೆಯದು, ಎಂದರೆ ನಿಜವಾದ ಕಾರಿನ ಮೂರು ಇಂಚು ನನ್ನ ಮೇಜಿನ ಮೇಲೆ ಮೂರು ಮಿಲಿಮೀಟರು.

ಹೀಗೆ ಟಾಪು ತಗ್ಗಿಸಿದ ಕಾರಿನ ಬಾಡಿ ನನಗೆ ಬೇಕಾದ ಮಾದರಿಯಲ್ಲಿ ಪ್ಲಾಸ್ಟಿಕ್ ಕಿಟ್ಟಿನಲ್ಲಿ ಬರುವುದಿಲ್ಲ. ದೊಡ್ಡ ಕಂಪನಿಗಳ ಉಕ್ಕಿನ ಅಚ್ಚಿಗೆ ಬಹಳ ಖರ್ಚಾಗುವುದರಿಂದ ಸಾವಿರಾರು ಮಾರಾಟವಾಗುವಂಥದ್ದನ್ನು ಮಾತ್ರ ಅವು ಮಾಡುತ್ತವೆ, ಉಳಿದದ್ದನ್ನು ಮನೆಯಲ್ಲೇ ಸಣ್ಣದಾಗಿ ಕೆಲಸ ಮಾಡುವವರು ರೆಸಿನ್‌ನಲ್ಲಿ ಎರಕ ಹೊಯ್ದು ಮಾರುತ್ತಾರೆ. ನೀನು ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುವ ಹಾಗೆಯೇ ಇದು. ಎರಡು ಸೀಸೆಗಳ ದ್ರವವನ್ನು ಸಮಸಮ ಬೆರೆಸಿ ಸಿಲಿಕೋನ್ ರಬ್ಬರಿನ ಅಚ್ಚಿಗೆ ಸುರಿದರೆ ಕೆಲವೇ ನಿಮಿಷಗಳಲ್ಲಿ ತಾನೇ ಬಿಸಿಯಾಗಿ ಗಟ್ಟಿಯಾಗುತ್ತದೆ, ಮತ್ತು ನಿನ್ನ ಆನೆಯ ಸೊಂಡಿಲಿನಲ್ಲಿ ಗಾಳಿ ಸಿಕ್ಕಿಕೊಂಡು ಮುರಿಯುತ್ತಿದ್ದ ಹಾಗೆ ಇದರ ಕಂಬಗಳಲ್ಲೂ ಗಾಳಿಗುಳ್ಳೆ ಸೇರಿಕೊಳ್ಳುತ್ತದೆ. ಬಾಡಿ ಮಾತ್ರ ರೆಸಿನ್‌ನದು. ಚಾಸಿಸ್, ಎಂಜಿನ್, ಟಯರುಗಳನ್ನು ಬೇರೊಂದು ಪ್ಲಾಸ್ಟಿಕ್ ಕಿಟ್ಟಿನಿಂದ ತೆಗೆದು ಹೊಂದಿಸಬೇಕು.

ಈ ಬಾರಿ ಬಂದ ಬಾಡಿಯ ಎಡಗಡೆಯ ಕಂಬ ಸೊಟ್ಟಗಿತ್ತು. ಕಳುಹಿಸಿದವನಿಗೆ ಬರೆದರೆ ‘ಬಿಸಿನೀರಿನಲ್ಲಿ ಅದ್ದು’ ಎಂಬ ಎರಡೇ ಮಾತಿನ ಉತ್ತರ ಬಂತು. ಕೋಪ ಬಂದರೂ ಅದ್ದಿದೆ, ಒಂದು ನಿಮಿಷದಲ್ಲಿ ಕಂಬ ಬೆಂಡಾದ ಹಪ್ಪಳದಂತೆ ಬಳುಕಿತು, ಬೆರಳಿನಿಂದ ನೇರ ಮಾಡಿ ತಣ್ಣೀರಿಗೆ ಹಾಕಿದ ಕೂಡಲೇ ಹಾಗೆಯೇ ನಿಂತಿತು. ಹಿಂದಿನ ಕಾರಿನಲ್ಲಿ ತಪ್ಪು ಮಾತ್ರ ನನ್ನದೇ. ಅಚ್ಚಿನಿಂದ ಸುಲಭವಾಗಿ ಬಿಟ್ಟುಬರಲೆಂದು ಹಚ್ಚಿದ ಜಿಡ್ಡನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯದೆ ಪ್ರೈಮರ್ ಹೊಡೆದಿದ್ದೆ. ಅದು ಎಣ್ಣೆ ಕೈಯ ಮೇಲೆ ನೀರು ಬಿದ್ದಂತೆ ಅಲ್ಲಲ್ಲಿ ಬಿಟ್ಟುಕೊಂಡು ಕಣ್ಣು ಕಣ್ಣಾಯಿತು, ಎಲ್ಲವನ್ನೂ ಕೆರೆದು ತೆಗೆಯುವುದಕ್ಕೆ ಎರಡು ಭಾನುವಾರ ಹಿಡಿಯಿತು. ಬಣ್ಣ ಹೊಡೆಯುವವನ ಮಗನಾಗಿ ನಾನು ಈ ತಪ್ಪು ಮಾಡಿದ್ದನ್ನು ಅಪ್ಪಾಜಿಗೆ ಓದಿ ಹೇಳಬೇಡ.

ಈಗ ನಿನ್ನ ಭಯದ ವಿಚಾರ. ಅಪ್ಪಾಜಿಗೆ ಬಂದ ಕೆಮ್ಮು ನನಗೂ ಬಂದೀತು ಎಂದು ಬರೆದಿದ್ದೀಯೆ. ಖಂಡಿತ ಬರುವುದಿಲ್ಲ. ನಾನು ರೆಸಿನ್ ಸುರಿಯುವುದಿಲ್ಲ, ಗಟ್ಟಿಯಾದದ್ದನ್ನು ಕೊಳ್ಳುತ್ತೇನೆ. ಗಟ್ಟಿಯಾದ ಮೇಲೆ ಅದನ್ನು ಮುಟ್ಟಿದರೆ ಏನೂ ಆಗುವುದಿಲ್ಲ, ಅದರ ಪುಡಿ ಎದೆಗೆ ಹೋಗಬಾರದು, ಅಷ್ಟೇ. ಅದಕ್ಕೇ ನಾನ್ನೂರರ ವಾಟರ್ ಪೇಪರನ್ನು ಬೋಗುಣಿಯ ನೀರಿನಲ್ಲಿ ಅದ್ದಿ ಅದ್ದಿ ಉಜ್ಜುತ್ತೇನೆ, ಪುಡಿ ಹಾರದೆ ಅಕ್ಕಿ ತೊಳೆದ ನೀರಿನಂತೆ ಕೆಳಗೆ ನಿಲ್ಲುತ್ತದೆ. ಬಾಗಿಲು ತೆರೆದಿಟ್ಟಿರುತ್ತೇನೆ, ಫ್ಯಾನು ಹೊರಕ್ಕೆ ತಿರುಗಿಸಿರುತ್ತೇನೆ, ಮುಖಗವಸಿನ ಆ ಡಬ್ಬಿಗಳು ಪುಡಿಯನ್ನೂ ಬಣ್ಣದ ಆವಿಯನ್ನೂ ತಡೆಯುತ್ತವೆ, ಅವುಗಳನ್ನು ತಪ್ಪದೆ ಬದಲಿಸುತ್ತೇನೆ. ಕೆಮ್ಮಿಲ್ಲ, ನೆಗಡಿಯೂ ಇಲ್ಲ, ಊಟ ಚೆನ್ನಾಗಿ ಸೇರುತ್ತಿದೆ.

ನನಗೆ ನಿದ್ದೆ ಕೆಡಿಸಿದ್ದು ನೀನು ನಡುವೆ ಸುಮ್ಮನೆ ಬರೆದುಬಿಟ್ಟ ಇನ್ನೊಂದು ಸಾಲು. ಅಮಾವಾಸ್ಯೆಯಂದು ಬಣ್ಣದ ಷೆಡ್ಡಿಗೆ ಬೀಗ ಹಾಕಿ ಮನೆಯಲ್ಲಿದ್ದರೆ ಅಪ್ಪಾಜಿಗೆ ರಾತ್ರಿ ಕೆಮ್ಮು ಇರುವುದಿಲ್ಲ, ಮತ್ತೆ ಪಿ.ಬಿ. ರಸ್ತೆಯ ಆ ಷೆಡ್ಡಿಗೆ ಹೋಗಿಬಂದ ರಾತ್ರಿ ಕುಯ್ ಕುಯ್ ಎಂದು ಉಸಿರು ಎಳೆಯುತ್ತಾರೆ ಎಂದಿದ್ದೀಯೆ. ಅಮ್ಮ, ಆ ರೆಸಿನ್‌ನ ಎರಡು ಸೀಸೆಗಳಲ್ಲಿ ಒಂದರೊಳಗೆ ಇರುವುದು ಐಸೊಸೈನೇಟ್ ಎಂಬ ರಾಸಾಯನಿಕ. ಅಪ್ಪಾಜಿ ಪಿಯು (ಪಾಲಿಯುರೆಥೇನ್) ಬಣ್ಣ ಗಟ್ಟಿಯಾಗಲೆಂದು ಬೆರೆಸುವ ಹಾರ್ಡ್ನರ್ ಡಬ್ಬಿಯಲ್ಲಿರುವುದೂ ಅದೇ ಜಾತಿಯದು. ಅದನ್ನು ಸ್ಪ್ರೇ ಗನ್ನಿನಲ್ಲಿ ಹೊಡೆಯುವವರಿಗೆ ವರ್ಷಗಳ ಮೇಲೆ ಅಸ್ತಮಾ ಅಂಟುವುದುಂಟು. ಅಂಥ ಅಸ್ತಮಾ ಸಾಮಾನ್ಯವಾಗಿ ಕೆಲಸಕ್ಕೆ ಹೋಗದ ದಿನ ಇಳಿಯುತ್ತದೆ, ಹೋದ ದಿನ ಏರುತ್ತದೆ. ಒಮ್ಮೆ ಅಂಟಿದ ಮೇಲೆ ತುಸು ಆವಿ ಸೋಕಿದರೂ ಸಾಕು. ಅಪ್ಪಾಜಿ ಮೂಗಿಗೆ ಕಟ್ಟಿಕೊಳ್ಳುವ ಒದ್ದೆ ಟವೆಲ್ಲಿನಿಂದ ಆ ಆವಿ ನಿಲ್ಲುವುದಿಲ್ಲ. ನಾನು ವೈದ್ಯನಲ್ಲ, ಇದೇ ಎಂದು ಹೇಳಲಾರೆ, ಬರೀ ದೂಳಿನ ಕೆಮ್ಮೇ ಇರಬಹುದು. ಆದರೆ ‘ವಯಸ್ಸಾಯಿತು, ಅದಕ್ಕೆ’ ಎಂದು ಅವರು ಹೇಳುವ ಮಾತನ್ನು ಇನ್ನು ಮೇಲೆ ಕೇಳಬೇಡ. ಎದೆಯ ವೈದ್ಯರ ಬಳಿ ಕೊಳವೆಗೆ ಊದಿಸಿ ಉಸಿರು ಅಳೆಯುವ ಪರೀಕ್ಷೆ ಇದೆ, ಸೂಜಿ ಇಲ್ಲ, ನೋವಿಲ್ಲ. ಯಾವ ಬಣ್ಣ, ಯಾವ ಹಾರ್ಡ್ನರ್ ಎಂದು ವೈದ್ಯರಿಗೆ ತಪ್ಪದೆ ಹೇಳಬೇಕು. ಗೋಪಿ ಆ ಡಬ್ಬಿಯ ಫೋಟೊ ತೆಗೆದುಕೊಂಡು ಜೊತೆಯಲ್ಲಿ ಹೋಗಲಿ.

ನನ್ನದರಂಥದೇ ಒಂದು ಮುಖಗವಸನ್ನು ಅಪ್ಪಾಜಿಗೆಂದು ಪಾರ್ಸೆಲ್ ಮಾಡಿದ್ದೇನೆ. ಗಡ್ಡವಿದ್ದರೆ ಪಕ್ಕದಿಂದ ಗಾಳಿ ನುಗ್ಗುತ್ತದೆ, ಆದ್ದರಿಂದ ದಿನವೂ ಕ್ಷೌರ ಮಾಡಿಕೊಳ್ಳಬೇಕಾಗುತ್ತದೆ ಎಂದು ಈಗಲೇ ಹೇಳಿಡು. ಅದು ಬಂದರೂ ಪರೀಕ್ಷೆ ಮುಗಿಯುವ ತನಕ ಅವರು ಗನ್ನು ಮುಟ್ಟಬಾರದು, ಬಣ್ಣ ಹೊಡೆಯುವಾಗ ಷೆಡ್ಡಿನೊಳಗೆ ನಿಲ್ಲಲೂಬಾರದು. ಹುಡುಗರು ಹೊಡೆಯಲಿ, ಅವರಿಗೂ ಮುಖಗವಸು ಕೊಡಿಸೋಣ. ಖರ್ಚಿಗೆ ಸುಧಾಳ ಖಾತೆಗೆ ಹಣ ಹಾಕಿದ್ದೇನೆ. ಅದು ಕಾರಿನ ದುಡ್ಡಲ್ಲ, ಸಂಬಳದ್ದೇ, ನನಗೆ ಏನೂ ಕಡಿಮೆಯಾಗಿಲ್ಲ.

ಕಾರು ಈಗ ಬೂದು ಪ್ರೈಮರಿನಲ್ಲಿ ನಿಂತಿದೆ. ಕಂಬದ ಬುಡದಲ್ಲಿ ಸಾಸಿವೆ ಕಾಳಿನಷ್ಟು ತೂತು ಬಾಯಿ ತೆರೆದಿದೆ, ಅದನ್ನು ಸೂಜಿಯ ತುದಿಯಲ್ಲಿ ಸೂಪರ್ ಗ್ಲೂ ಇಟ್ಟು ಮುಚ್ಚಬೇಕು. ಬಣ್ಣ ಯಾವುದೆಂದು ಅಪ್ಪಾಜಿಯನ್ನೇ ಕೇಳೋಣವೆಂದಿದ್ದೇನೆ, ಪರೀಕ್ಷೆಯ ಚೀಟಿಯ ಫೋಟೊ ಬರುವವರೆಗೆ ಡಬ್ಬಿ ತೆರೆಯುವುದಿಲ್ಲ ಎಂದು ಅವರಿಗೆ ಹೇಳು. ಆಫೀಸಿಗೆ ಹೊತ್ತಾಯಿತು, ಸ್ನಾನ ಕೂಡ ಆಗಿಲ್ಲ. ಗೋಪಿಯ ಪರೀಕ್ಷೆಯ ಸುದ್ದಿ ಕೇಳಲು ಮರೆತೆ, ಭಾನುವಾರ ಫೋನಿನಲ್ಲಿ ಮಾತಾಡುತ್ತೇನೆ.

ನಿನ್ನ ಮಗ,
ಮಂಜು