ಕಾಂಬಿನೇಷನ್ ಆರಿಸುವ ಮುನ್ನ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಎಸ್ಸೆಸ್ಸೆಲ್ಸಿ ಮುಗಿದದ್ದೇ ತಡ, ಮನೆಗೆ ಬಂದವರೆಲ್ಲ ಮುಂದೇನಾಗ್ತೀಯ ಅಂತ ಕೇಳ್ತಾರೆ, ಏನು ಹೇಳಬೇಕೋ ಗೊತ್ತಾಗಲ್ಲ ಎಂದು ಬರೆದಿದ್ದೀಯ. ಹದಿನಾರಕ್ಕೆ ಅದು ಗೊತ್ತಿರಲೇಬೇಕೆಂದೇನೂ ಇಲ್ಲ. ಈಗ ಆರಿಸಬೇಕಿರುವುದು ಪಿಯುಸಿಯ ಕಾಂಬಿನೇಷನ್, ಅಂದರೆ ಎರಡು ಭಾಷೆಗಳ ಜೊತೆ ಎರಡು ವರ್ಷ ಓದುವ ನಾಲ್ಕು ವಿಷಯ, ಅಷ್ಟೆ.

ಒಂದೊಂದು ವಿಷಯದ ಮುಂದೆಯೂ 'ಇದನ್ನು ಬಿಟ್ಟರೆ ಏನು ಕೈತಪ್ಪುತ್ತದೆ' ಎಂದು ಬರೆದುಕೋ. ಗಣಿತ, ಭೌತಶಾಸ್ತ್ರ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ. ಸೇನಾಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ ಅಕಾಡೆಮಿಯ ವಾಯುಪಡೆ, ನೌಕಾಪಡೆಯೂ ಇಲ್ಲ. ಭೂಸೇನೆಗೆ ಮಾತ್ರ ಯಾವ ವಿಷಯವಾದರೂ ನಡೆಯುತ್ತದೆ. ಜೀವಶಾಸ್ತ್ರ ಬಿಟ್ಟರೆ ವೈದ್ಯಕೀಯ, ಬಿ.ಎಸ್ಸಿ ನರ್ಸಿಂಗ್ ಕಷ್ಟ. ಬಿ.ಫಾರ್ಮಾಗೆ ಭೌತ, ರಸಾಯನದ ಜೊತೆ ಗಣಿತವೋ ಜೀವಶಾಸ್ತ್ರವೋ ಒಂದಿದ್ದರೆ ಸಾಕು. ಕಾನೂನು, ಸಿಎ, ಪತ್ರಿಕೋದ್ಯಮ, ಪದವಿಯ ನಂತರದ ಐಎಎಸ್, ಕೆಎಎಸ್ ಪರೀಕ್ಷೆಗಳು ಪಿಯುಸಿಯಲ್ಲಿ ಏನು ಓದಿದ್ದೆ ಎಂದು ಕೇಳುವುದೇ ಇಲ್ಲ. ಪಟ್ಟಿ ಮುಗಿದಾಗ ಒಂದು ಮಾತು ನಿನಗೇ ಕಾಣುತ್ತದೆ: ಗಣಿತವನ್ನು ಮುಂದೆ ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟದ್ದನ್ನು ಮತ್ತೆ ಹಿಡಿಯುವುದು ಕಷ್ಟ.

ಹಾಗಂತ 'ಗೊತ್ತಿಲ್ಲದಿದ್ದರೆ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ತಗೋ' ಎನ್ನುವವರ ಮಾತನ್ನು ಪೂರ್ತಿ ನಂಬಬೇಡ. ಅಂಕ ಕಡಿಮೆಯಾದರೂ ಸೀಟು ತಪ್ಪುತ್ತದೆ. ಎಂಜಿನಿಯರಿಂಗ್‌ನ ಪ್ರವೇಶ ಪರೀಕ್ಷೆ ಸಿಇಟಿಯ ರ‍್ಯಾಂಕಿನಲ್ಲಿ ಅರ್ಧ ತೂಕ ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಗಳದ್ದು. ಒಲವೇ ಇಲ್ಲದ ಬಯಾಲಜಿಯ ಚಿತ್ರ, ಹೆಸರು ಉರು ಹೊಡೆಯುವುದರಲ್ಲಿ ಗಣಿತ ಹಿಂದೆ ಬಿದ್ದರೆ ಎರಡೂ ಕಡೆ ನಷ್ಟ. ಆಗ ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿಯೇ ವಾಸಿ.

ಕಾಮರ್ಸ್ ಕಡೆ ಮನಸ್ಸಿದ್ದರೆ ಒಂದು ಎಚ್ಚರಿಕೆ. ಅಲ್ಲಿ ಸಿಗುವ 'ಬೇಸಿಕ್ ಮ್ಯಾಥ್ಸ್' ಬೇರೆ, ವಿಜ್ಞಾನದವರು ಓದುವ ಗಣಿತ ಬೇರೆ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್, ಭಾರತೀಯ ಸಾಂಖ್ಯಿಕ ಸಂಸ್ಥೆಯ ಸಂಖ್ಯಾಶಾಸ್ತ್ರ ಪದವಿ ಬಿ.ಸ್ಟ್ಯಾಟ್‌ನಂಥವು ಹನ್ನೆರಡನೆಯದರಲ್ಲಿ ಗಣಿತ ಕೇಳುತ್ತವೆ. ಬೇಸಿಕ್ ಮ್ಯಾಥ್ಸ್ ನಡೆಯುತ್ತದೆಯೇ ಎಂದು ಅವರ ಪ್ರವೇಶ ನಿಯಮ ಓದಿ ಖಚಿತಪಡಿಸಿಕೋ. ಕಲಾ ವಿಭಾಗವನ್ನು ಅಂಕ ಕಡಿಮೆ ಬಂದವರ ಜಾಗ ಎನ್ನುವವರ ಹತ್ತಿರ ವಾದಕ್ಕೆ ಕೂರಬೇಡ, ಸಮಯ ದಂಡ.

ನಿನಗೆ ಯಾವುದು ಒಗ್ಗುತ್ತದೆಂದು ತಿಳಿಯಲು ಪ್ರಥಮ ಪಿಯುಸಿ ಪುಸ್ತಕಗಳನ್ನು ಯಾರಿಂದಲಾದರೂ ಎರವಲು ತಾ. ಒಂದೊಂದಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ಕೊಡು. ಗಣಿತದಲ್ಲಿ ಮೊದಲು ಬರುವ 'ಗಣಗಳು' ಸುಲಭ, ಅದನ್ನು ನೋಡಿ ಮೋಸ ಹೋಗಬೇಡ. ತ್ರಿಕೋನಮಿತಿಯ ಫಲನಗಳ ಲೆಕ್ಕ ಮಾಡು. ಭೌತಶಾಸ್ತ್ರದಲ್ಲಿ ಅಳತೆ, ಮಾನಗಳ ಪಾಠ ದಾಟಿ ಸಮತಲದ ಚಲನೆಗೆ ಹೋಗು. ಅಕೌಂಟೆನ್ಸಿಯಲ್ಲಿ ಇಪ್ಪತ್ತು ಜರ್ನಲ್ ಎಂಟ್ರಿ, ಅಂದರೆ ಒಂದೊಂದು ವ್ಯವಹಾರದ ಲೆಕ್ಕದ ನಮೂದು, ಬರೆ. ಎಷ್ಟು ಸರಿಯಾಯಿತು ಎನ್ನುವುದು ಮುಖ್ಯವಲ್ಲ. ತಪ್ಪಾದಾಗ ಎಲ್ಲಿ ಎಡವಿದೆ ಎಂದು ಹುಡುಕುವ ಹಠ ಬರುತ್ತದೆಯೋ, ಪುಸ್ತಕ ಮುಚ್ಚೋಣ ಅನಿಸುತ್ತದೆಯೋ ನೋಡಿಕೋ. ಕನ್ನಡ ಮಾಧ್ಯಮದಲ್ಲಿ ಓದಿದ ನಿನಗೆ ಇಂಗ್ಲಿಷ್ ಪುಸ್ತಕದ ಮೊದಲ ಪುಟಗಳು ಕಬ್ಬಿಣದ ಕಡಲೆಯೇ. ಅದು ಭಾಷೆಯ ತೊಡಕು, ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ಅದೊಂದೇ ಕಾರಣಕ್ಕೆ ವಿಜ್ಞಾನ ಬಿಡಬೇಡ.

ಹತ್ತನೇ ತರಗತಿಯ ಅಂಕವನ್ನೇ ನೆಚ್ಚಿ ನಿರ್ಧರಿಸಬೇಡ. ಅಲ್ಲಿ ಉರು ಹೊಡೆದರೂ ಅಂಕ ಬರುತ್ತದೆ, ಪಿಯು ಗಣಿತದಲ್ಲಿ ಆ ಆಟ ನಡೆಯುವುದಿಲ್ಲ.

ಇನ್ನೂ ಡೋಲಾಯಮಾನವಾಗಿರುವಾಗ ಎರಡು ವರ್ಷದ ಕೋಚಿಂಗ್ ಶುಲ್ಕವನ್ನು ಒಟ್ಟಿಗೇ ಕಟ್ಟಲು ಅಪ್ಪನನ್ನು ಬಿಡಬೇಡ. ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸು ಎಂಬುದನ್ನು ಮೊದಲು ಬರವಣಿಗೆಯಲ್ಲಿ ಕೇಳಲಿ. ಕೈಕೆಲಸದ ಕಡೆ ಒಲವಿದ್ದರೆ ಮೂರು ವರ್ಷದ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಸೇರುವ ದಾರಿಯೂ ಇದೆ.

ಕಾಲೇಜಿಗೆ ಹೋದಾಗ ಮೂರು ಮಾತು ಕೇಳು: ನೀನು ಬಯಸಿದ ಕಾಂಬಿನೇಷನ್ನಿನ ನಾಲ್ಕೂ ವಿಷಯಕ್ಕೆ ಉಪನ್ಯಾಸಕರಿದ್ದಾರೆಯೇ, ಪ್ರಯೋಗಾಲಯ ನಡೆಯುತ್ತದೆಯೇ, ಸೇರಿದ ಮೇಲೆ ವಿಷಯ ಬದಲಿಸಲು ಕೊನೆಯ ದಿನ ಯಾವುದು. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು, ಅದಕ್ಕೊಂದು ವಾರ ಮೊದಲು ನನಗೆ ಫೋನ್ ಮಾಡು.

ನಿನ್ನ
ದೊಡ್ಡಪ್ಪ